ರೂಟ್ ಒಡೆತನದ ಫೈಲನ್ನು ಸಾಮಾನ್ಯ ಬಳಕೆದಾರ ಅಳಿಸಬಹುದಾ? ಅನುಮತಿಯನ್ನು ಯಾರು, ಯಾವಾಗ ನೋಡುತ್ತಾರೆ?

ಹೇಮಾವತಿ_ತೀರ
ಎಲ್ಲರಿಗೂ ನಮಸ್ಕಾರ. ನಾನು ಬಿಸಿಎ ಕೊನೇ ವರ್ಷದಲ್ಲಿದ್ದೇನೆ, ಹಾಸನ. ನಮ್ಮ ಲ್ಯಾಬಿನ ಉಬುಂಟು ಮಷೀನಿನಲ್ಲಿ ಮೇಷ್ಟ್ರು ನನ್ನ ಹೋಮ್ ಡೈರೆಕ್ಟರಿಯೊಳಗೆ ಒಂದು ಫೈಲ್ ಮಾಡಿಟ್ಟು, ಇದನ್ನು ಅಳಿಸಿ ನೋಡು ಎಂದರು. ಫೈಲಿನ ಒಡೆಯ ರೂಟ್, ಅಂದರೆ ಎಲ್ಲ ಹಕ್ಕೂ ಇರುವ ಮುಖ್ಯ ಖಾತೆ. ಅನುಮತಿ 644. ಅಂದರೆ ನಾನು ಓದಬಹುದು, ಬರೆಯುವ ಹಾಗಿಲ್ಲ. ಕೊನೆಗೆ ಒಂದು ಸಾಲು ಸೇರಿಸಲು ಹೋದರೆ ಪರ್ಮಿಷನ್ ಡಿನೈಡ್ ಬಂತು, ಅದು ಸರಿ. ಆಮೇಲೆ ಅಳಿಸುವ ಕಮಾಂಡ್ ಆರ್‌ಎಂ ಕೊಟ್ಟೆ. ಇದು ಬರೆಯಲು ಬಾರದ ಫೈಲ್, ತೆಗೆಯಲಾ ಎಂದು ಒಮ್ಮೆ ಕೇಳಿತು. ವೈ ಒತ್ತಿದೆ. ಫೈಲ್ ಹೋಯಿತು!

ಒಂದು ಅಕ್ಷರ ಬದಲಿಸುವ ಹಕ್ಕಿಲ್ಲ, ಆದರೆ ಇಡೀ ಫೈಲನ್ನೇ ಅಳಿಸುವ ಹಕ್ಕಿದೆ. ಹೇಗೆ? ಮೇಷ್ಟ್ರು ಉತ್ತರ ಹೇಳಲಿಲ್ಲ, ನೀನೇ ಹುಡುಕು ಎಂದಿದ್ದಾರೆ.

ಹಳೇ_ಟರ್ಮಿನಲ್
ನಿಮ್ಮ ಮೇಷ್ಟ್ರು ಒಳ್ಳೇ ಕಡೆಯಿಂದ ಶುರು ಮಾಡಿಸಿದ್ದಾರೆ.

ಫೈಲಿನ ಹೆಸರು ಫೈಲಿನ ಒಳಗೆ ಇರುವುದಿಲ್ಲ. ಡೈರೆಕ್ಟರಿ ಎಂಬುದೇ ಒಂದು ಪಟ್ಟಿ. ಈ ಹೆಸರಿಗೆ ಈ ಐನೋಡ್ ನಂಬರ್ (ಡಿಸ್ಕಿನಲ್ಲಿ ಫೈಲನ್ನು ಗುರುತಿಸುವ ಸಂಖ್ಯೆ) ಎಂದು ಅದರಲ್ಲಿ ಬರೆದಿರುತ್ತದೆ, ಅಷ್ಟೇ. ಆರ್‌ಎಂ ಕೊಟ್ಟಾಗ ಕರ್ನಲ್, ಅಂದರೆ ಸಿಸ್ಟಂನ ತಿರುಳಾದ ಪ್ರೋಗ್ರಾಂ, ಆ ಪಟ್ಟಿಯಿಂದ ಒಂದು ಸಾಲು ತೆಗೆಯುತ್ತದೆ. ಪಟ್ಟಿ ಬದಲಾಗುತ್ತಿರುವುದರಿಂದ ಅದು ಕೇಳುವ ಪ್ರಶ್ನೆ, ಈ ಡೈರೆಕ್ಟರಿಯಲ್ಲಿ ಬರೆಯುವ ಹಕ್ಕು ಈ ಪ್ರೋಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಂಗೆ) ಇದೆಯಾ ಎಂದು. ಡೈರೆಕ್ಟರಿ ನಿಮ್ಮದು, ಹಕ್ಕಿದೆ. ಫೈಲಿನ ಮೇಲಿರುವ 644 ಅನ್ನು ಆ ಹೊತ್ತಿನಲ್ಲಿ ಅದು ನೋಡುವುದೇ ಇಲ್ಲ.

ಅನುಮತಿಯ ಮೂರು ಅಕ್ಷರಗಳು ಆರ್ (ಓದು), ಡಬ್ಲ್ಯೂ (ಬರೆ), ಎಕ್ಸ್ (ಓಡಿಸು); ಡೈರೆಕ್ಟರಿಯ ಮೇಲೆ ಅವುಗಳ ಅರ್ಥವೂ ಬೇರೆ. ಆರ್ ಇದ್ದರೆ ಹೆಸರುಗಳ ಪಟ್ಟಿ ಓದಬಹುದು. ಡಬ್ಲ್ಯೂ ಇದ್ದರೆ ಹೆಸರು ಸೇರಿಸಬಹುದು, ತೆಗೆಯಬಹುದು, ಆದರೆ ಜೊತೆಗೆ ಎಕ್ಸ್ ಇರಬೇಕು. ಎಕ್ಸ್ ಅಂದರೆ ಅದರ ಮೂಲಕ ದಾಟಿ ಹೋಗುವ ಹಕ್ಕು. ಆರ್ ಇಲ್ಲದೆ ಎಕ್ಸ್ ಮಾತ್ರ ಇರುವ ಡೈರೆಕ್ಟರಿ ಮಾಡಿ ನೋಡಿ. ಒಳಗೆ ಏನಿದೆ ಎಂದು ಕಾಣುವುದಿಲ್ಲ, ಆದರೆ ಫೈಲಿನ ಹೆಸರು ಗೊತ್ತಿದ್ದರೆ ತೆರೆಯಬಹುದು.

ಕಡಲ_ತೀರ
ಒಂದು ಸೇರಿಸುತ್ತೇನೆ. ತೆಗೆಯಲಾ ಎಂದು ಕೇಳಿದ್ದು ಕರ್ನಲ್ ಅಲ್ಲ, ಆರ್‌ಎಂ ಪ್ರೋಗ್ರಾಂ. ಅದು ಬರೀ ಮರ್ಯಾದೆಗೆ ಕೇಳುವ ಮಾತು. ಬೇರೆ ಪ್ರೋಗ್ರಾಂ ನೇರವಾಗಿ ಅನ್‌ಲಿಂಕ್ (ಹೆಸರು ತೆಗೆ ಎಂದು ಕರ್ನಲ್‌ಗೆ ಹೇಳುವ ಕರೆ) ಕರೆದರೆ ಯಾರೂ ಏನೂ ಕೇಳುವುದಿಲ್ಲ. ಭದ್ರತೆಯಲ್ಲಿ ಇದನ್ನು ಮೊದಲು ಗುರುತಿಸಿಕೊಳ್ಳಬೇಕು: ತಡೆಯುವವರು ಯಾರು, ಸುಮ್ನೆ ಎಚ್ಚರಿಸುವವರು ಯಾರು?

ಟೆಂಪ್ ಡೈರೆಕ್ಟರಿ ಎಲ್ಲರಿಗೂ ಬರೆಯಲು ಬಿಟ್ಟಿದೆ ಅಲ್ವಾ. ಹಾಗಿದ್ದೂ ಅಲ್ಲಿ ಇನ್ನೊಬ್ಬರ ಫೈಲ್ ಅಳಿಸಲಾಗದು. ಯಾಕೆಂದರೆ ಅದರ ಅನುಮತಿ 1777. ಮುಂದಿರುವ 1 ಸ್ಟಿಕಿ ಬಿಟ್. ಅದು ಇದ್ದಾಗ ಫೈಲಿನ ಒಡೆಯ, ಡೈರೆಕ್ಟರಿಯ ಒಡೆಯ ಅಥವಾ ರೂಟ್ ಮಾತ್ರ ಅಳಿಸಬಹುದು.

ಹೇಮಾವತಿ_ತೀರ
ಥ್ಯಾಂಕ್ಸ್ ಸರ್. ಈಗ ಅರ್ಥವಾಯಿತು. ಇನ್ನೊಂದು ಸಂದೇಹ. ನನ್ನನ್ನು ಪ್ರಾಜೆಕ್ಟ್ ಗ್ರೂಪಿಗೆ ಸೇರಿಸಿದರು. ಗ್ರೂಪ್ ಫೈಲಿನಲ್ಲಿ ನನ್ನ ಹೆಸರು ಕಾಣುತ್ತಿದೆ. ಆದರೂ ಆ ಫೋಲ್ಡರ್ ತೆರೆಯಲು ಬಿಡಲಿಲ್ಲ. ಲಾಗ್ ಔಟ್ ಆಗಿ ಮತ್ತೆ ಬಂದ ಮೇಲೆ ಬಿಟ್ಟಿತು. ಹೆಸರು ಇದ್ದ ಮೇಲೆ ಯಾಕೆ ಕಾಯಬೇಕು?

ಹಳೇ_ಟರ್ಮಿನಲ್
ಇದು ಇನ್ನೂ ಒಳ್ಳೇ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಈ ಒಂದು ವಿಷಯ ಹಿಡಿದರೆ ಮುಂದೆ ವೆಬ್, ಕ್ಲೌಡ್ ಎಲ್ಲ ಕಡೆ ಬೇಕಾಗುತ್ತದೆ.

ಕರ್ನಲ್ ಗ್ರೂಪ್ ಫೈಲನ್ನು ಓದುವುದಿಲ್ಲ. ನೀವು ಲಾಗಿನ್ ಆದ ಗಳಿಗೆಯಲ್ಲಿ ಲಾಗಿನ್ ಪ್ರೋಗ್ರಾಂ ಅದನ್ನು ಓದಿ, ನಿಮ್ಮ ಯೂಸರ್ ನಂಬರ್, ಗ್ರೂಪ್ ನಂಬರುಗಳನ್ನು ನಿಮ್ಮ ಮೊದಲ ಪ್ರೋಸೆಸ್‌ಗೆ ಅಂಟಿಸುತ್ತದೆ. ಅಲ್ಲಿಂದ ಹುಟ್ಟುವ ಪ್ರತಿ ಪ್ರೋಸೆಸ್‌ಗೂ ಅದೇ ನಂಬರುಗಳು ಬಳುವಳಿಯಾಗಿ ಬರುತ್ತವೆ. ಗ್ರೂಪಿಗೆ ಸೇರಿಸಿದ್ದು ಆಮೇಲೆ. ಹಳೇ ಪ್ರೋಸೆಸ್‌ಗೆ ಆ ಸುದ್ದಿ ಮುಟ್ಟುವುದಿಲ್ಲ.

ಈಗ ಇದನ್ನು ತಿರುಗಿಸಿ ನೋಡಿ. ನಿಮ್ಮನ್ನು ಗ್ರೂಪಿನಿಂದ ತೆಗೆದರು ಎಂದುಕೊಳ್ಳಿ. ನೀವು ಲಾಗ್ ಔಟ್ ಆಗದೆ ಕೂತಿದ್ದರೆ ಹಳೇ ಹಕ್ಕು ಹಾಗೇ ಉಳಿದಿರುತ್ತದೆ. ಸೇರಿಸುವಾಗ ಆಗುವ ತಡ ಬರೀ ಕಿರಿಕಿರಿ. ತೆಗೆಯುವಾಗ ಆಗುವ ತಡ ಅಪಾಯ.

ಫೈಲಿನಲ್ಲೂ ಇದೇ ಕತೆ. ಒಂದು ಫೈಲನ್ನು ಓಪನ್ ಮಾಡಿದಾಗ ಕರ್ನಲ್ ಅನುಮತಿ ನೋಡುತ್ತದೆ. ಸರಿ ಇದ್ದರೆ ತೆರೆದ ಫೈಲಿನ ಗುರುತಾಗಿ ಒಂದು ಡಿಸ್ಕ್ರಿಪ್ಟರ್ ನಂಬರ್ ಕೊಡುತ್ತದೆ. ಆಮೇಲೆ ಓದುವಾಗ ಮತ್ತೆ ಅನುಮತಿ ನೋಡುವುದಿಲ್ಲ. ನಡುವೆ ಒಡೆಯ ಬಂದು ಅನುಮತಿಯನ್ನು 000 (ಯಾರಿಗೂ ಇಲ್ಲ) ಮಾಡಿದರೂ, ಆಗಲೇ ತೆರೆದುಕೊಂಡವರು ಓದುತ್ತಲೇ ಇರಬಹುದು. ಒಂದು ಟರ್ಮಿನಲ್‌ನಲ್ಲಿ ಟೇಲ್ ಮೈನಸ್ ಎಫ್ (ಫೈಲಿನ ಕೊನೆಯನ್ನು ತೋರಿಸುತ್ತಲೇ ಇರುವ ಕಮಾಂಡ್) ಓಡಿಸಿ, ಇನ್ನೊಂದರಲ್ಲಿ ಅನುಮತಿ ತೆಗೆದು ನೋಡಿ.

ಪ್ರತಿ ಸಲವೂ, ಪ್ರತಿ ವಸ್ತುವಿಗೂ ಹಕ್ಕನ್ನು ಪರೀಕ್ಷಿಸಬೇಕು ಎಂದು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದರು. ಮೊದಲು ನೋಡಿದ್ದ ಉತ್ತರವನ್ನು ನೆನಪಿಟ್ಟುಕೊಂಡು ಬಳಸುವಾಗ ಅನುಮಾನ ಇರಲಿ ಎಂದೂ ಎಚ್ಚರಿಸಿದರು. ಉಬುಂಟುವಿಗೆ ಮೂಲ ಮಾದರಿಯಾದ ಯುನಿಕ್ಸ್ ವೇಗಕ್ಕಾಗಿ ಅದನ್ನು ಒಂದಿಷ್ಟು ಬಿಟ್ಟುಕೊಟ್ಟಿತು. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಎಲ್ಲಿ ಬಿಟ್ಟಿದೆ ಎಂದು ಗೊತ್ತಿರಬೇಕು.

ಗಡಿನಾಡಿನ_ಕೋಡರ್
ಹಳೇ ಟರ್ಮಿನಲ್ ಸರ್ ಹೇಳಿದ್ದು ನಮ್ಮ ವೆಬ್ ಕೆಲಸದಲ್ಲಿ ದಿನಾ ಎದುರಾಗುತ್ತದೆ. ಲಾಗಿನ್ ಆದ ಮೇಲೆ ಜೆಡಬ್ಲ್ಯೂಟಿ ಟೋಕನ್ (ಒಂದು ಡಿಜಿಟಲ್ ಚೀಟಿ) ಕೊಡುತ್ತೇವೆ. ಅದರೊಳಗೆ ರೋಲ್ ಅಡ್ಮಿನ್ ಎಂದು ಬರೆದು ಸಹಿ ಹಾಕಿರುತ್ತೇವೆ. ಸರ್ವರ್ ಸಹಿ ನೋಡಿ ನಂಬುತ್ತದೆ, ಡೇಟಾಬೇಸ್ ಮುಟ್ಟುವುದಿಲ್ಲ. ಆ ಮನುಷ್ಯನ ಅಡ್ಮಿನ್ ಹಕ್ಕನ್ನು ಬೆಳಿಗ್ಗೆ ತೆಗೆದರೂ ಟೋಕನ್‌ನ ಅವಧಿ ಮುಗಿಯುವ ತನಕ ಅವನು ಅಡ್ಮಿನ್. ಅದಕ್ಕೇ ಟೋಕನ್ ಅವಧಿ ಚಿಕ್ಕದಿರಬೇಕು, ದುಡ್ಡು ಕಳಿಸುವಂಥ ಕೆಲಸಕ್ಕೆ ಡೇಟಾಬೇಸಿನಿಂದಲೇ ಹಕ್ಕನ್ನು ಹೊಸದಾಗಿ ನೋಡಬೇಕು.

ಬಯಲುಸೀಮೆ
ಪ್ರತಿ ಸಲ ಡೇಟಾಬೇಸ್ ನೋಡಿದರೆ ದೊಡ್ಡ ಸಿಸ್ಟಂ ನಿಂತೇ ಹೋಗುತ್ತದೆ. ಹೇಳುವುದು ಸುಲಭ. ಲಕ್ಷಾಂತರ ಜನ ಬಳಸುವ ಕಡೆ ಕ್ಯಾಶ್ (ಹಿಂದಿನ ಉತ್ತರವನ್ನು ನೆನಪಿಟ್ಟುಕೊಳ್ಳುವ ಜಾಗ) ಇಲ್ಲದೆ ಆಗುವ ಮಾತಾ?

ಕಡಲ_ತೀರ
ಕ್ಯಾಶ್ ಬೇಡ ಎಂದು ಯಾರೂ ಹೇಳುತ್ತಿಲ್ಲ ಸರ್. ಆದರೆ ಹಳೇ ಉತ್ತರವನ್ನು ಯಾವಾಗ ನಂಬಬಾರದು ಎಂಬ ನಿಯಮ ಬೇಕು. ಗೂಗಲ್‌ನವರು 2019ರಲ್ಲಿ ಜಾಂಜಿಬಾರ್ ಎಂಬ ತಮ್ಮ ಅನುಮತಿ ವ್ಯವಸ್ಥೆಯ ಬಗ್ಗೆ ಪ್ರಬಂಧ ಹೊರತಂದರು. ಡ್ರೈವ್, ಫೋಟೋಸ್, ಕ್ಯಾಲೆಂಡರ್, ಯೂಟ್ಯೂಬ್ ಎಲ್ಲ ಅದನ್ನೇ ಕೇಳುತ್ತವೆ. ಸೆಕೆಂಡಿಗೆ ಲಕ್ಷಗಟ್ಟಲೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ನೂರಕ್ಕೆ 95 ಉತ್ತರಗಳು 10 ಮಿಲಿಸೆಕೆಂಡಿನೊಳಗೆ ಬರುತ್ತವೆ.

ಅದರಲ್ಲಿ ಒಂದು ಸಮಸ್ಯೆಯನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಒಂದು ಫೋಲ್ಡರಿನಿಂದ ಒಬ್ಬರನ್ನು ತೆಗೆದೆ. ಆಮೇಲೆ ಆ ಫೋಲ್ಡರಿಗೆ ಹೊಸ ದಾಖಲೆ ಹಾಕಿಸಿದೆ. ಎಲ್ಲೋ ದೂರದ ಸರ್ವರ್ ಹಳೇ ಪಟ್ಟಿ ಇಟ್ಟುಕೊಂಡು ಹೊಸ ದಾಖಲೆಗೆ ಉತ್ತರ ಕೊಟ್ಟರೆ, ತೆಗೆದ ಮನುಷ್ಯನಿಗೆ ಹೊಸದು ಕಾಣುತ್ತದೆ. ಹಳೇ ದಾಖಲೆ ಹೇಗೂ ಅವನು ನೋಡಿದ್ದಾನೆ, ಅದು ಹೋಗಲಿ. ಹೊಸದು ಕಾಣಬಾರದು. ಅದಕ್ಕೆ ಅವರು ದಾಖಲೆಯ ಜೊತೆಗೇ ಒಂದು ಸಮಯದ ಗುರುತನ್ನು ಇಡುತ್ತಾರೆ. ಈ ಗುರುತಿಗಿಂತ ಹಳೆಯ ಪಟ್ಟಿ ನೋಡಿ ಉತ್ತರ ಹೇಳಬೇಡ ಎಂದು ಅರ್ಥ. ಕ್ಯಾಶ್ ಉಳಿಯಿತು, ತೂತು ಮುಚ್ಚಿತು.

ಬಯಲುಸೀಮೆ
ಸರಿ, ಒಪ್ಪಿದೆ. ಆ ಗುರುತಿನ ಉಪಾಯ ನಿಜಕ್ಕೂ ಚೆನ್ನಾಗಿದೆ.

ಹೇಮಾವತಿ_ತೀರ
ಪಾಸ್‌ವರ್ಡ್ ವಿಷಯ ಕೇಳಬೇಕು. ಪಾಸ್‌ವರ್ಡ್‌ಗಳ ಗುಟ್ಟುರೂಪ ಇರುವ ಶ್ಯಾಡೋ ಫೈಲನ್ನು ನಾನು ಓದುವ ಹಾಗೂ ಇಲ್ಲ, ಬರೆಯುವ ಹಾಗೂ ಇಲ್ಲ. ಆದರೆ ಪಾಸ್‌ಡಬ್ಲ್ಯೂಡಿ ಎಂಬ ಕಮಾಂಡ್ ಕೊಟ್ಟು ನನ್ನ ಪಾಸ್‌ವರ್ಡ್ ಬದಲಿಸಬಹುದು. ಅದು ಬರೆಯುವುದು ಅದೇ ಫೈಲಿಗೆ ಅಲ್ವಾ?

ಹಳೇ_ಟರ್ಮಿನಲ್
ಹೌದು, ಅದೇ ಫೈಲಿಗೆ. ಅನುಮತಿ ತೋರಿಸುವ ಎಲ್ಎಸ್ ಮೈನಸ್ ಎಲ್ ಕಮಾಂಡ್ ಕೊಟ್ಟು ಆ ಪ್ರೋಗ್ರಾಂ ನೋಡಿ. ಒಡೆಯನ ಎಕ್ಸ್ ಇರಬೇಕಾದ ಜಾಗದಲ್ಲಿ ಎಸ್ ಇರುತ್ತದೆ. ಅದು ಸೆಟ್‌ಯುಐಡಿ. ಓಡಿಸುವವರು ಯಾರೇ ಆಗಲಿ, ಪ್ರೋಗ್ರಾಂ ತನ್ನ ಒಡೆಯನ ಹಕ್ಕಿನಲ್ಲಿ ಓಡುತ್ತದೆ. ಇಲ್ಲಿ ಒಡೆಯ ರೂಟ್. ಇದು ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಅವರ ಐಡಿಯಾ. 1973ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1979ರಲ್ಲಿ ಸಿಕ್ಕಿತು.

ಇಲ್ಲಿ ಗಮನಿಸಬೇಕಾದ್ದು, ಕರ್ನಲ್ ಈಗ ಪಕ್ಕಕ್ಕೆ ಸರಿಯಿತು. ಹೇಮಾವತಿ ಅವರು ತಮ್ಮ ಪಾಸ್‌ವರ್ಡ್ ಮಾತ್ರ ಬದಲಿಸಬೇಕು, ಪಕ್ಕದವರದ್ದನ್ನು ಬದಲಿಸಬಾರದು ಎಂದು ನೋಡುವ ಹೊಣೆ ಪೂರ್ತಿ ಆ ಚಿಕ್ಕ ಪ್ರೋಗ್ರಾಂನ ಮೇಲೆ ಬಿತ್ತು. ಅದರಲ್ಲಿ ಒಂದು ಸಣ್ಣ ದೋಷ ಇದ್ದರೂ ರೂಟ್ ಹಕ್ಕು ಬೀದಿಗೆ ಬಂದ ಹಾಗೆ.

ಕಾವಲು_ಗೋಪುರ
ಈ ಎಳೆಯನ್ನು ನಾನು ಮುಂದುವರಿಸುತ್ತೇನೆ. ನಾನು ಸೆಕ್ಯುರಿಟಿ ಟೆಸ್ಟಿಂಗ್ ಮಾಡುವವನು, ನನಗೆ ಅತಿ ಮುಖ್ಯ ಅನಿಸುವ ವಿಷಯವೇ ಇದು.

ನಾರ್ಮ್ ಹಾರ್ಡಿ ಎಂಬುವರು 1988ರಲ್ಲಿ ಒಂದು ಪುಟ್ಟ ಲೇಖನ ಬರೆದರು. ಅಮೆರಿಕದ ಟೈಮ್‌ಶೇರ್ ಕಂಪನಿಯಲ್ಲಿ ನಡೆದದ್ದು. ಅಲ್ಲಿನ ಕಂಪ್ಯೂಟರಿನಲ್ಲಿ ಫೋರ್ಟ್ರಾನ್ ಕಂಪೈಲರ್ ಒಂದು ಸಿಸ್ಟಂ ಡೈರೆಕ್ಟರಿಯಲ್ಲಿ ಇತ್ತು. ಬಳಕೆಯ ಲೆಕ್ಕವನ್ನು ಬರೆಯಬೇಕಾಗಿದ್ದರಿಂದ ಕಂಪೈಲರ್‌ಗೆ ಆ ಡೈರೆಕ್ಟರಿಯಲ್ಲಿ ಬರೆಯುವ ಹಕ್ಕು ಕೊಟ್ಟಿದ್ದರು. ಅದೇ ಡೈರೆಕ್ಟರಿಯಲ್ಲಿ ಗ್ರಾಹಕರ ಬಿಲ್ಲಿನ ಫೈಲೂ ಇತ್ತು. ಡೀಬಗ್ ಮಾಹಿತಿಯನ್ನು ಯಾವ ಫೈಲಿಗೆ ಬರೆಯಲಿ ಎಂದು ಕಂಪೈಲರ್ ಬಳಕೆದಾರರನ್ನು ಕೇಳುತ್ತಿತ್ತು. ಯಾರೋ ಒಬ್ಬರು ಬಿಲ್ಲಿನ ಫೈಲಿನ ಹೆಸರು ಕೊಟ್ಟರು. ಕಂಪೈಲರ್ ಬರೆಯಿತು. ಬಿಲ್ಲಿನ ಲೆಕ್ಕ ಹೋಯಿತು.

ಇಲ್ಲಿ ಯಾವ ನಿಯಮವೂ ಮುರಿದಿಲ್ಲ. ಬಳಕೆದಾರರಿಗೆ ಆ ಫೈಲಿನ ಹಕ್ಕಿಲ್ಲ, ಅವರು ಮುಟ್ಟಲಿಲ್ಲ. ಕಂಪೈಲರ್‌ಗೆ ಹಕ್ಕಿದೆ, ಅದು ಬರೆಯಿತು. ಆದರೆ ಕಂಪೈಲರ್ ಇಬ್ಬರ ಪರವಾಗಿ ಕೆಲಸ ಮಾಡುತ್ತಿತ್ತು. ಈ ಬರಹ ಯಾರ ಹಕ್ಕಿನಲ್ಲಿ ಆಗಬೇಕು ಎಂದು ಹೇಳುವ ದಾರಿಯೇ ಅದಕ್ಕೆ ಇರಲಿಲ್ಲ. ಇದಕ್ಕೆ ಕನ್‌ಫ್ಯೂಸ್ಡ್ ಡೆಪ್ಯುಟಿ ಎಂದು ಹೆಸರು.

ಹಳೇ ಕಾಲದ ಕತೆ ಎಂದುಕೊಳ್ಳಬೇಡಿ. 2019ರಲ್ಲಿ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ಆದದ್ದೂ ಇದೇ ಜಾತಿಯದು. ಹೊರಗಿನಿಂದ ಬರುವ ಕೋರಿಕೆಗಳನ್ನು ಸೋಸಲು ಇಟ್ಟಿದ್ದ ಫೈರ್‌ವಾಲ್ ಅನ್ನೇ ಒಬ್ಬರು ಪುಸಲಾಯಿಸಿ, ಅಮೆಜಾನ್ ಕ್ಲೌಡಿನ ಒಳಗಿನ ಮೆಟಾಡೇಟಾ ವಿಳಾಸಕ್ಕೆ (ಯಂತ್ರಕ್ಕೆ ಅದರದೇ ವಿವರ ಕೊಡುವ ಸೇವೆಗೆ) ಕೋರಿಕೆ ಕಳಿಸುವಂತೆ ಮಾಡಿದರು. ಅಲ್ಲಿಂದ ಆ ಯಂತ್ರದ ತಾತ್ಕಾಲಿಕ ಕೀಲಿಗಳು ಸಿಕ್ಕವು. ಆ ಕೀಲಿಗಳಿಗೆ ಕಡತ ಇಡುವ ಸ್ಟೋರೇಜ್ ಬಕೆಟ್‌ಗಳ ಪಟ್ಟಿ ನೋಡಿ, ಒಳಗಿನದನ್ನು ಓದುವ ಹಕ್ಕೂ ಇತ್ತು. ಅಮೆರಿಕದ ಸುಮಾರು 10 ಕೋಟಿ, ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಹೊರಬಿತ್ತು. ಮರುವರ್ಷ 8 ಕೋಟಿ ಡಾಲರ್ ದಂಡ. ಸೋಸುವ ಯಂತ್ರಕ್ಕೆ ಗ್ರಾಹಕರ ಕಡತ ಓದುವ ಹಕ್ಕು ಯಾಕೆ ಬೇಕಿತ್ತು? ಈ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ನಷ್ಟ ಇಷ್ಟು ದೊಡ್ಡದಾಗುತ್ತಿರಲಿಲ್ಲ.

ಗಡಿನಾಡಿನ_ಕೋಡರ್
2019ರ ನವೆಂಬರ್‌ನಲ್ಲೇ ಅಮೆಜಾನ್ ಮೆಟಾಡೇಟಾ ಸೇವೆಯ ಎರಡನೇ ಆವೃತ್ತಿ ತಂದಿತು. ಮೊದಲು ಒಂದು ಟೋಕನ್ ಪಡೆದು, ಅದನ್ನು ಹೆಡರಿನಲ್ಲಿ ಕಳಿಸಬೇಕು. ಬರೀ ವಿಳಾಸ ಕೊಟ್ಟು ಪುಸಲಾಯಿಸುವ ದಾರಿ ಇದರಿಂದ ಬಹುಪಾಲು ಮುಚ್ಚುತ್ತದೆ. ಎಡಬ್ಲ್ಯೂಎಸ್ (ಅಮೆಜಾನ್ ಕ್ಲೌಡ್) ಬಳಸುವವರು ಹಳೇ ಆವೃತ್ತಿಯನ್ನು ಆಫ್ ಮಾಡಿದ್ದೀರಾ ಎಂದು ಇವತ್ತೇ ನೋಡಿಕೊಳ್ಳಿ.

ಹೇಮಾವತಿ_ತೀರ
ಕಾವಲು ಗೋಪುರ ಸರ್, ಹಾಗಾದರೆ ಆ ಕಂಪೈಲರ್ ತಾಪತ್ರಯಕ್ಕೆ ಪರಿಹಾರ ಏನು?

ಕಾವಲು_ಗೋಪುರ
ಕಂಪ್ಯೂಟರ್ ವಿಜ್ಞಾನಿ ಬಟ್ಲರ್ ಲ್ಯಾಂಪ್ಸನ್ 1971ರಲ್ಲಿ ಇಡೀ ವಿಷಯವನ್ನು ಒಂದು ದೊಡ್ಡ ಕೋಷ್ಟಕವಾಗಿ ಬರೆದು ತೋರಿಸಿದರು. ಅಡ್ಡ ಸಾಲಿನಲ್ಲಿ ಕೇಳುವವರು, ಉದ್ದ ಸಾಲಿನಲ್ಲಿ ವಸ್ತುಗಳು, ಕೂಡುವ ಮನೆಯಲ್ಲಿ ಹಕ್ಕು. ಅಷ್ಟು ದೊಡ್ಡ ಕೋಷ್ಟಕವನ್ನು ಯಾರೂ ಹಾಗೇ ಇಟ್ಟುಕೊಳ್ಳುವುದಿಲ್ಲ. ಉದ್ದಕ್ಕೆ ಸೀಳಿದರೆ ಪ್ರತಿ ವಸ್ತುವಿನ ಹತ್ತಿರ ಒಂದು ಪಟ್ಟಿ, ಅದು ಎಸಿಎಲ್ (ಆಕ್ಸೆಸ್ ಕಂಟ್ರೋಲ್ ಲಿಸ್ಟ್). ಅಡ್ಡಕ್ಕೆ ಸೀಳಿದರೆ ಪ್ರತಿಯೊಬ್ಬರ ಕೈಯಲ್ಲೂ ತಮ್ಮ ಹಕ್ಕುಗಳ ಕಟ್ಟು, ಅದು ಕೇಪಬಿಲಿಟಿ.

ರೈಲಿನಲ್ಲಿ ಟಿಟಿಇ ಕೈಯಲ್ಲಿರುವ ಚಾರ್ಟ್ ಎಸಿಎಲ್ ಇದ್ದ ಹಾಗೆ. ನಿಮ್ಮ ಹೆಸರು ಪಟ್ಟಿಯಲ್ಲಿ ಇದೆಯಾ ಎಂದು ನೋಡುತ್ತಾರೆ, ಗುರುತಿನ ಚೀಟಿ ಕೇಳುತ್ತಾರೆ. ಸಿಟಿ ಬಸ್ಸಿನ ಟಿಕೆಟ್ ಕೇಪಬಿಲಿಟಿ ಇದ್ದ ಹಾಗೆ. ನೀವು ಯಾರು ಎಂದು ಕಂಡಕ್ಟರ್ ಕೇಳುವುದಿಲ್ಲ, ಟಿಕೆಟ್ ಇದ್ದರೆ ಆಯಿತು.

ಹಾರ್ಡಿ ಹೇಳುವ ಪರಿಹಾರ ಎರಡನೆಯದು. ಬಳಕೆದಾರರು ಫೈಲಿನ ಹೆಸರು ಕೊಡುವ ಬದಲು, ತಾವೇ ಬರೆಯಬಲ್ಲ ಫೈಲಿನ ಹಕ್ಕನ್ನೇ ಕಂಪೈಲರ್‌ಗೆ ಕೊಡಬೇಕು. ತಮ್ಮ ಬಳಿ ಇಲ್ಲದ ಹಕ್ಕನ್ನು ಕೊಡಲಾಗುವುದಿಲ್ಲ, ಹಾಗಾಗಿ ಬಿಲ್ಲಿನ ಫೈಲ್ ಉಳಿಯುತ್ತದೆ. ಯುನಿಕ್ಸಿನಲ್ಲಿ ಆಗಲೇ ತೆರೆದ ಡಿಸ್ಕ್ರಿಪ್ಟರನ್ನು ಇನ್ನೊಂದು ಪ್ರೋಸೆಸ್‌ಗೆ ದಾಟಿಸುವುದು ಹೆಚ್ಚುಕಡಿಮೆ ಇದೇ.

ತೊಂದರೆ ಇಲ್ಲವೆಂದಲ್ಲ. ಹೀಗೆ ಹಂಚಿದ ಹಕ್ಕನ್ನು ವಾಪಸ್ ಪಡೆಯುವುದು ಕಷ್ಟ, ಈ ವಸ್ತು ಯಾರ್ಯಾರ ಕೈಯಲ್ಲಿದೆ ಎಂದು ಹೇಳುವುದೂ ಕಷ್ಟ. ಪಟ್ಟಿಯಲ್ಲಿ ಅವೆರಡೂ ಸುಲಭ. ನನ್ನ ಒಲವು ಕೇಪಬಿಲಿಟಿ ಕಡೆಗೇ ಇದೆ.

ತುಂಬೆ_ಹೂ
ನಾನು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ತಂಡದಲ್ಲಿದ್ದೇನೆ. ಕಾಲೇಜಿನವರು ಮೊದಲು ಕಲಿಯಬೇಕಾದ ತಪ್ಪು ಇನ್ನೂ ಸರಳವಾದದ್ದು ಅನಿಸುತ್ತದೆ. ಲಾಗಿನ್ ಆಗಿದ್ದಾರಾ ಎಂದು ಮಾತ್ರ ನೋಡುತ್ತಾರೆ. ಕೇಳಿದ ದಾಖಲೆ ಅವರದೇನಾ ಎಂದು ನೋಡುವುದಿಲ್ಲ. ವಿಳಾಸದ ಕೊನೆಯಲ್ಲಿ 1041 ಇದ್ದದ್ದನ್ನು 1042 ಮಾಡಿದರೆ ಪಕ್ಕದವರ ರಿಪೋರ್ಟ್ ಬರುತ್ತದೆ.

2019ರ ಮೇ ತಿಂಗಳಲ್ಲಿ ಅಮೆರಿಕದ ಫಸ್ಟ್ ಅಮೆರಿಕನ್ ಎಂಬ ಆಸ್ತಿ ವಿಮೆ ಕಂಪನಿಯ ಸೈಟಿನಲ್ಲಿ ಹೀಗೆ ನಂಬರ್ ಬದಲಿಸಿದರೆ ಸುಮಾರು 88.5 ಕೋಟಿ ದಾಖಲೆಗಳು ಸಿಗುವ ಸ್ಥಿತಿಯಲ್ಲಿದ್ದವು ಎಂದು ಬಯಲಾಯಿತು. 2003ರಿಂದ ಕೂಡಿಟ್ಟ ಬ್ಯಾಂಕ್ ಖಾತೆ ವಿವರ, ಸಾಲದ ಕಾಗದ, ಚಾಲನಾ ಪರವಾನಗಿಯ ಚಿತ್ರ ಎಲ್ಲ. ಅಲ್ಲಂತೂ ಲಾಗಿನ್ ಕೂಡ ಬೇಕಿರಲಿಲ್ಲ. ವೆಬ್ ದೋಷಗಳನ್ನು ಶ್ರೇಣಿ ಮಾಡುವ ಓವಾಸ್ಪ್ ಸಂಸ್ಥೆಯ ಪಟ್ಟಿಯಲ್ಲಿ 2017ರಲ್ಲಿ ಐದನೇ ಸ್ಥಾನದಲ್ಲಿದ್ದ ಈ ಜಾತಿಯ ದೋಷ 2021ರಲ್ಲಿ ಮೊದಲ ಸ್ಥಾನಕ್ಕೆ ಏರಿತು.

ಕೆಲವರು ನಂಬರ್ ಬದಲು ಯುಯುಐಡಿ ಎಂಬ ಉದ್ದನೆಯ ಗುರುತು ಇಟ್ಟು ಸುಮ್ಮನಾಗುತ್ತಾರೆ. ಅದು ಊಹಿಸಲು ಕಷ್ಟ, ನಿಜ. ಆದರೆ ಆ ಲಿಂಕ್ ವಾಟ್ಸಾಪಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋದರೆ ಮುಗಿಯಿತು. ಡೇಟಾಬೇಸಿಗೆ ಪ್ರಶ್ನೆ ಕೇಳುವ ಜಾಗದಲ್ಲೇ ಈ ರಿಪೋರ್ಟ್ ನಂಬರ್ ಮತ್ತು ಈ ರೋಗಿಯ ನಂಬರ್ ಎರಡೂ ಹೊಂದಬೇಕು ಎಂದು ಬರೆಯಿರಿ. ರೋಗಿಯ ನಂಬರನ್ನು ಬ್ರೌಸರ್ ಕಳಿಸಿದ್ದರಿಂದ ತೆಗೆದುಕೊಳ್ಳಬೇಡಿ, ಸರ್ವರಿನಲ್ಲಿರುವ ಲಾಗಿನ್ ಸೆಷನ್‌ನಿಂದ ತೆಗೆದುಕೊಳ್ಳಿ. ಬಟನ್ ಮರೆಮಾಡುವುದನ್ನು ರಕ್ಷಣೆ ಎಂದು ದಯವಿಟ್ಟು ಎಣಿಸಬೇಡಿ.

ಬಯಲುಸೀಮೆ
ರೋಲ್ ಇಟ್ಟರೆ ಸಾಕಲ್ವಾ ಮೇಡಂ? ಡಾಕ್ಟರ್, ನರ್ಸ್, ರಿಸೆಪ್ಷನ್ ಅಂತ.

ತುಂಬೆ_ಹೂ
ಅರ್ಧ ಸಾಕು. ಸಂಶೋಧಕರಾದ ಫೆರಾಯೊಲೊ ಮತ್ತು ಕೂನ್ 1992ರಲ್ಲಿ ರೋಲ್ ಮಾದರಿ ಮುಂದಿಟ್ಟಾಗ ದೊಡ್ಡ ಅನುಕೂಲ ಆಯಿತು. ಒಬ್ಬರು ಕೆಲಸ ಬದಲಿಸಿದರೆ ನೂರು ಕಡೆ ತಿದ್ದುವ ಬದಲು ಒಂದು ರೋಲ್ ತೆಗೆದರೆ ಆಯಿತು. ಆದರೆ ಡಾಕ್ಟರ್ ಎಂಬ ರೋಲ್ ಇದ್ದ ಮಾತ್ರಕ್ಕೆ ಆಸ್ಪತ್ರೆಯ ಪ್ರತಿ ರೋಗಿಯ ಕಡತ ತೆರೆಯಬೇಕಾ? ಈ ಡಾಕ್ಟರ್ ಈ ರೋಗಿಯನ್ನು ಈಗ ನೋಡುತ್ತಿದ್ದಾರಾ ಎಂಬುದು ರೋಲ್‌ನಿಂದ ತಿಳಿಯುವುದಿಲ್ಲ. ಅದನ್ನೂ ರೋಲ್‌ನಿಂದಲೇ ಹೇಳಲು ಹೋದರೆ ಮೂರನೇ ಮಹಡಿ ರಾತ್ರಿ ಪಾಳಿ ಮಕ್ಕಳ ವಿಭಾಗದ ನರ್ಸ್ ಎಂದು ರೋಲ್‌ಗಳು ಹುಟ್ಟುತ್ತಾ ಹೋಗುತ್ತವೆ. ಜನರಿಗಿಂತ ರೋಲ್ ಜಾಸ್ತಿ ಆಗಿಬಿಡುತ್ತದೆ. ಆಗ ಸಂಬಂಧ ಮತ್ತು ಸಮಯವನ್ನು ಬೇರೆಯಾಗಿ ನೋಡುವ ನಿಯಮ ಬರೆಯಬೇಕು.

ಕಂದಾಯ_ಕಟ್ಟೆ
ಸರ್ಕಾರಿ ಕೆಲಸದ ಕಡೆಯಿಂದ ಒಂದು ಮಾತು. ಭೂಮಿ ಎಂಬ ನಮ್ಮ ಭೂದಾಖಲೆ ವ್ಯವಸ್ಥೆಯಲ್ಲಿ ಪಹಣಿ ಗಣಕೀಕರಣ ಆದ ಕಾಲದಲ್ಲೇ ಆಪರೇಟರ್‌ಗಳಿಗೆ ಬೆರಳಚ್ಚಿನ ಲಾಗಿನ್ ಇಟ್ಟರು. ನನ್ನ ಪಾಸ್‌ವರ್ಡ್ ಬೇರೆ ಯಾರೋ ಬಳಸಿದ್ದಾರೆ ಎಂದು ಆಮೇಲೆ ಹೇಳಲು ಬಾರದು ಎಂಬುದು ಉದ್ದೇಶ. ಆದರೆ ಬೆರಳಚ್ಚು ಯಾರು ಎಂದು ಮಾತ್ರ ಹೇಳುತ್ತದೆ. ಅದಕ್ಕಿಂತ ಬಿಗಿಯಾದದ್ದು ಕೆಲಸ ಹಂಚಿದ ರೀತಿ. ಮ್ಯುಟೇಷನ್ (ಹಕ್ಕು ಬದಲಾವಣೆ) ಅರ್ಜಿಯನ್ನು ದಾಖಲಿಸುವವರು ಒಬ್ಬರು, ಆದೇಶ ಮಾಡುವವರು ರೆವಿನ್ಯೂ ಇನ್ಸ್‌ಪೆಕ್ಟರ್. ಅರ್ಜಿಗಳು ಬಂದ ಕ್ರಮದಲ್ಲೇ ಮುಂದಕ್ಕೆ ಹೋಗಬೇಕು. ಒಬ್ಬರ ಲಾಗಿನ್‌ನಿಂದ ಶುರುವಿನಿಂದ ಕೊನೆ ತನಕ ಮುಗಿಸುವ ಹಾಗಿಲ್ಲ. ರೈತರ ಜಮೀನಿನ ವಿಷಯ, ಇಷ್ಟು ಬಿಗಿ ಇರಲೇಬೇಕು.

ಹೇಮಾವತಿ_ತೀರ
ತುಂಬೆ ಹೂ ಮೇಡಂ, ತುರ್ತು ಬಂದರೆ? ಆ ರೋಗಿಯನ್ನು ನೋಡದ ಡಾಕ್ಟರೇ ರಾತ್ರಿ ಡ್ಯೂಟಿಯಲ್ಲಿದ್ದರೆ ಸಿಸ್ಟಂ ತಡೆಯುತ್ತದಾ?

ತುಂಬೆ_ಹೂ
ತಡೆಯಬಾರದು. ಜೀವದ ಪ್ರಶ್ನೆ. ಅದಕ್ಕೆ ತುರ್ತು ದಾರಿ ಇಡುತ್ತೇವೆ. ಕಾರಣ ಬರೆದು ಒಳಗೆ ಹೋಗಬಹುದು. ಆ ಕ್ಷಣವೇ ಮೇಲಿನವರಿಗೆ ಸುದ್ದಿ ಹೋಗುತ್ತದೆ, ಯಾರು ಏನು ಮಾಡಿದರು ಎಂದು ದಾಖಲಾಗುವ ಲಾಗ್‌ನಲ್ಲಿ ಬೇರೆಯಾಗಿ ಗುರುತಾಗುತ್ತದೆ. ಆ ಲಾಗನ್ನು ಓದಲು ಒಬ್ಬರನ್ನು ನೇಮಿಸಿರಬೇಕು, ಇಲ್ಲದಿದ್ದರೆ ಈ ದಾರಿ ತೆರೆದ ಬಾಗಿಲೇ.

ಕಾವಲು_ಗೋಪುರ
ಲಾಗ್ ಓದಬೇಕು ಎಂಬುದಕ್ಕೆ ಕಠಿಣ ಉದಾಹರಣೆ ಎಫ್‌ಬಿಐನ ರಾಬರ್ಟ್ ಹ್ಯಾನ್ಸನ್. ರಷ್ಯನ್ನರಿಗೆ ಗುಟ್ಟು ಮಾರುತ್ತಿದ್ದ ಅಧಿಕಾರಿ. 2001ರ ಫೆಬ್ರವರಿಯಲ್ಲಿ ಸಿಕ್ಕಿಬಿದ್ದ. ಅದಕ್ಕೂ ಮುಂಚೆ ಸಂಸ್ಥೆಯ ಕೇಸುಗಳ ಸಿಸ್ಟಂನಲ್ಲಿ ತನ್ನ ಹೆಸರನ್ನೇ ಹಾಕಿ ಹುಡುಕುತ್ತಿದ್ದ, ನನ್ನ ಮೇಲೆ ಯಾರಿಗಾದರೂ ಅನುಮಾನ ಬಂದಿದೆಯಾ ಎಂದು. ಅವನಿಗೆ ಆ ಸಿಸ್ಟಂ ಬಳಸುವ ಹಕ್ಕು ಇತ್ತು. ಹುಡುಕಿದ ಗುರುತೂ ಉಳಿದಿತ್ತು. ಆಗ ಯಾರೂ ಅದನ್ನು ಗಮನಿಸಲಿಲ್ಲ.

ಹೇಮಾವತಿ_ತೀರ
ನಮ್ಮ ಪ್ರಾಜೆಕ್ಟ್ ಕಾಲೇಜು ಲೈಬ್ರರಿಯದು. ಇದನ್ನೆಲ್ಲ ಟೆಸ್ಟ್ ಮಾಡುವುದು ಹೇಗೆ ಎಂದು ಹೇಳುತ್ತೀರಾ?

ಕಾವಲು_ಗೋಪುರ
ಒಂದೇ ರೋಲ್‌ನ ಎರಡು ವಿದ್ಯಾರ್ಥಿ ಖಾತೆ ಮಾಡಿ, ಒಂದು ಲೈಬ್ರರಿಯನ್ ಖಾತೆ ಮಾಡಿ. ಮೊದಲನೆಯವರಾಗಿ ಲಾಗಿನ್ ಆಗಿ ಪ್ರತಿ ಕೋರಿಕೆಯನ್ನೂ ಉಳಿಸಿಕೊಳ್ಳಿ. ಅದೇ ಕೋರಿಕೆಗಳನ್ನು ಎರಡನೆಯವರ ಕುಕಿ (ಬ್ರೌಸರ್ ಕಳಿಸುವ ಲಾಗಿನ್ ಗುರುತು) ಹಾಕಿ ಕಳಿಸಿ. ಆಮೇಲೆ ಕುಕಿಯೇ ಇಲ್ಲದೆ ಕಳಿಸಿ. ಲೈಬ್ರರಿಯನ್ ಮಾಡಬಹುದಾದ್ದನ್ನು ವಿದ್ಯಾರ್ಥಿಯ ಕುಕಿಯಿಂದ ಕಳಿಸಿ. ಓದುವ ಕೋರಿಕೆ ಮಾತ್ರ ನೋಡಿ ನಿಲ್ಲಿಸಬೇಡಿ, ತಿದ್ದುವ ಮತ್ತು ಅಳಿಸುವ ಕೋರಿಕೆಗಳನ್ನೂ ನೋಡಿ. ಪಿಡಿಎಫ್ ಡೌನ್‌ಲೋಡ್ ಮತ್ತು ಎಕ್ಸೆಲ್ ಎಕ್ಸ್‌ಪೋರ್ಟ್ ಜಾಗಗಳಲ್ಲಿ ಪರೀಕ್ಷೆ ಮರೆತಿರುವುದು ಜಾಸ್ತಿ. ನಿಮ್ಮ ಸ್ವಂತ ಮಷೀನಿನಲ್ಲಿ ಮಾತ್ರ ಮಾಡಿ, ಬೇರೆಯವರ ಸೈಟಿನಲ್ಲಿ ಕೇಳದೆ ಮಾಡಿದರೆ ಕಾನೂನಿನ ತೊಂದರೆ.

ಗಡಿನಾಡಿನ_ಕೋಡರ್
ಇದನ್ನು ಕೋಡ್‌ನಲ್ಲೇ ಟೆಸ್ಟ್ ಆಗಿ ಬರೆದಿಡಿ. ಹೊಸ ಪುಟ ಸೇರಿಸಿದಾಗಲೆಲ್ಲ ತಾನಾಗೇ ಓಡಲಿ. ಅನುಮತಿ ಬರೆಯಲು ಮರೆತ ದಾರಿ ಇದ್ದರೆ ಉತ್ತರ ಇಲ್ಲ ಎಂದೇ ಬರುವ ಹಾಗೆ ಫ್ರೇಮ್‌ವರ್ಕ್‌ನ ಸೆಟ್ಟಿಂಗ್ ಇಡಿ. ಯಾವ ಭಾಷೆಯಲ್ಲಿ ಬರೆಯುತ್ತಿದ್ದೀರಿ ಹೇಳಿ, ಅದಕ್ಕೆ ತಕ್ಕ ಉದಾಹರಣೆ ಹಾಕುತ್ತೇನೆ.

ಹೇಮಾವತಿ_ತೀರ
ಪೈಥಾನ್, ಜಾಂಗೋ. ಖಾತೆಗಳನ್ನು ಈಗಲೇ ಮಾಡುತ್ತಿದ್ದೇನೆ.